ಸೀಸೆಯೊಳಗಿನ ಸಾಧು

ಮಳೆಗಾಲ ಬಂತೆಂದರೆ ಅಡಿಗೆಮನೆಯ ಉಪ್ಪಿನ ಭರಣಿ ಬೆವರತೊಡಗುತ್ತದೆ. ಮುಚ್ಚಳ ತೆಗೆದು ನೋಡಿದರೆ ಹರಳುಗಳ ನಡುವೆ ನೀರು ನಿಂತಿರುತ್ತದೆ. “ಉಪ್ಪೆಲ್ಲ ಕರಗಿಹೋಯಿತು” ಎಂದು ಮನೆಯಾಕೆ ಗೊಣಗುವುದನ್ನು ಕೇಳದ ಗೃಹಸ್ಥನಿರಲಾರನು. ಆದರೆ ಉಪ್ಪು ನಿಜವಾಗಿಯೂ ಕರಗಿತೆ? ನಮ್ಮ ಭಾಷೆ ಉದಾರವಾದುದು. ಅದರಲ್ಲಿ ನೀರಿಗೆ ಹಾಕಿದ ಸಕ್ಕರೆಯೂ ಕರಗುತ್ತದೆ, ಒಲೆಯ ಮೇಲಿಟ್ಟ ಬೆಣ್ಣೆಯೂ ಕರಗುತ್ತದೆ, ಮಕ್ಕಳ ಅಳು ಕಂಡ ತಾಯಿಯ ಮನಸ್ಸೂ ಕರಗುತ್ತದೆ. ರಸಾಯನಶಾಸ್ತ್ರಜ್ಞನು ಮಾತ್ರ ಈ ವಿಷಯದಲ್ಲಿ ಜಿಪುಣ. ಸಕ್ಕರೆಯು ನೀರಿನಲ್ಲಿ ಬೆರೆತು ವಿಲೀನವಾಯಿತು, ಬೆಣ್ಣೆಯಾದರೋ ಬೇರಾವ ದ್ರವದ ನೆರವೂ ಇಲ್ಲದೆ ತಾನೇ ದ್ರವವಾಯಿತು. ಇವೆರಡೂ ಬೇರೆ ಬೇರೆ ಎನ್ನುತ್ತಾನೆ ಅವನು. ಭರಣಿಯ ಉಪ್ಪು ಗಾಳಿಯ ತೇವವನ್ನು ಹೀರಿ ಅದರಲ್ಲಿ ವಿಲೀನವಾದದ್ದಷ್ಟೆ. ಬೆಣ್ಣೆಯಂತೆ ತಾನೇ ಕರಗಬೇಕಾದರೆ ಅಡಿಗೆಯ ಉಪ್ಪಿಗೆ ೮೦೧ ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ೬೬೦ ಡಿಗ್ರಿಗೇ ಅಲ್ಯೂಮಿನಿಯಂ ಪಾತ್ರೆ ಕರಗಿ ಹರಿದುಹೋಗುತ್ತದೆ. ಅದರೊಳಗಿನ ಉಪ್ಪು ಮಾತ್ರ ಹರಳಾಗಿಯೇ ಕುಳಿತಿರುತ್ತದೆ.

ಹೀಗಿರುವಾಗ, ಬೆಂಕಿಯ ಸೋಂಕಿಲ್ಲದೆ, ಒಂದು ತೊಟ್ಟು ನೀರೂ ಬೆರೆಯದೆ, ನಾವು ಕುಳಿತ ಕೊಠಡಿಯ ಹವೆಯಲ್ಲೇ ಹರಳೆಣ್ಣೆಯಂತೆ ಮಂದವಾಗಿ ಹರಿಯುವ ಉಪ್ಪುಗಳಿವೆ ಎಂದರೆ ವಾಚಕರು ನಂಬುವಿರಾ? ನಾನಂತೂ ಮೊದಲು ನಂಬಿರಲಿಲ್ಲ. ನಂಬಿಸಿದವಳು ನಮ್ಮಣ್ಣನ ಮಗಳು.

ಅವಳು ರಸಾಯನಶಾಸ್ತ್ರದಲ್ಲಿ ಸಂಶೋಧನೆಗೆಂದು ಸೇರಿದಾಗ ಅತ್ತಿಗೆಯವರಿಗೆ ಇದ್ದುದು ಒಂದೇ ಚಿಂತೆ: ಬೆಂಕಿ. ಈಥರ್, ಅಸಿಟೋನ್ ಮುಂತಾದ ದ್ರವಗಳು ಭಗ್ಗೆಂದು ಹತ್ತಿಕೊಳ್ಳುವ ಸಂಗತಿಯನ್ನು ಅವರು ಎಲ್ಲಿಯೋ ಓದಿದ್ದರು. ಮಗಳು ನಕ್ಕು, “ಅಮ್ಮಾ, ನಾನು ಕೆಲಸ ಮಾಡುವ ದ್ರವ ಆವಿಯಾಗುವುದಿಲ್ಲ, ಹತ್ತಿ ಉರಿಯುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ಸಾಧು ಪ್ರಾಣಿ” ಎಂದಳು. ಮೂರು ಇಲ್ಲಗಳನ್ನು ಕೇಳಿ ಅತ್ತಿಗೆ ಸಮಾಧಾನಗೊಂಡರು. ಒಂದು ವರುಷ ಕಳೆದಿರಬೇಕು. ಯುಗಾದಿಗೆಂದು ಬಂದವಳು ಯಾರೂ ಇಲ್ಲದ ಸಮಯ ನೋಡಿ ತನ್ನ ಫೋನಿನಲ್ಲಿದ್ದ ಒಂದು ಚಿತ್ರವನ್ನು ನನಗೆ ತೋರಿಸಿದಳು. “ಚಿಕ್ಕಪ್ಪ, ಇದನ್ನು ನೋಡಿ. ಅಮ್ಮನಿಗೆ ಹೇಳಬೇಡಿ.” ಒಂದು ಗಾಜಿನ ಬುದ್ದಲಿ. ಅದರ ಕೆಳಭಾಗವೆಲ್ಲ ಮಂಜು ಕವಿದಂತೆ ಮಸುಕಾಗಿತ್ತು. “ತೊಳೆಯಲಿಲ್ಲವೇನು?” ಎಂದೆ. “ತೊಳೆದರೆ ಹೋಗುವ ಮಸುಕಲ್ಲ ಇದು. ಗಾಜನ್ನೇ ತಿಂದುಹಾಕಿದೆ” ಎಂದಳು.

ಸಾಧು ಪ್ರಾಣಿ ಗಾಜನ್ನು ತಿಂದದ್ದು ಹೇಗೆ? ಆ ಸಂಜೆ ಅವಳು ಹೇಳಿದ್ದನ್ನೂ ಅನಂತರ ನಾನು ಹುಡುಕಿ ಓದಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. (ಅತ್ತಿಗೆಯವರು ಈ ಪತ್ರಿಕೆಯಲ್ಲಿ ಧಾರಾವಾಹಿಯ ಪುಟಗಳನ್ನು ಮಾತ್ರ ಓದುವರೆಂಬ ಧೈರ್ಯ ನನಗಿದೆ.)

ಉಪ್ಪು ಎಂದರೆ ಧನ ವಿದ್ಯುತ್ತುಳ್ಳ ಕಣಗಳೂ ಋಣ ವಿದ್ಯುತ್ತುಳ್ಳ ಕಣಗಳೂ ಒಂದನ್ನೊಂದು ಸೆಳೆದು ಹಿಡಿದು ಕಟ್ಟಿಕೊಂಡ ಸಂಸಾರ. ಈ ಕಣಗಳಿಗೆ ಅಯಾನುಗಳೆಂದು ಹೆಸರು. ಅಡಿಗೆಯ ಉಪ್ಪಿನಲ್ಲಿ ಇವೆರಡೂ ಚಿಕ್ಕವು, ದುಂಡಗಿನವು. ಒಂದೇ ಅಳತೆಯ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸಿದಂತೆ ಅವು ಬಿಗಿಯಾಗಿ ಕೂಡುತ್ತವೆ. ಅವುಗಳನ್ನು ಬಿಡಿಸಲು ಕುಲುಮೆಯ ಶಾಖವೇ ಬೇಕು. ಅದೇ ಪೆಟ್ಟಿಗೆಯಲ್ಲಿ ಸೌಟು, ಜಾಲರಿ, ಇಕ್ಕಳ, ಮಜ್ಜಿಗೆಯ ಕಡೆಗೋಲುಗಳನ್ನು ತುಂಬಿ ನೋಡಿ. ಒಂದರ ಬಾಲ ಇನ್ನೊಂದಕ್ಕೆ ತಗುಲಿ, ನಡುನಡುವೆ ಸಂದು ಬಿದ್ದು, ಏನು ಮಾಡಿದರೂ ಜೋಡಣೆ ಸರಿಹೋಗದು. ದ್ರವರೂಪದ ಉಪ್ಪಿನ ಗುಟ್ಟು ಇಷ್ಟೇ. ಅದರಲ್ಲಿನ ಧನ ಅಯಾನು ದೊಡ್ಡದು, ಸೊಟ್ಟಗಿನದು, ಉದ್ದ ಬಾಲವುಳ್ಳದ್ದು. ಹರಳಾಗಿ ಕೂಡಿಕೊಳ್ಳಲು ಅದಕ್ಕೆ ಬಾರದು. ಇಂಥ ಉಪ್ಪುಗಳನ್ನು ಅಯಾನಿಕ ದ್ರವಗಳೆಂದು ಕರೆಯುತ್ತಾರೆ. ೧೦೦ ಡಿಗ್ರಿಗಿಂತ ಕೆಳಗೆ ಕರಗುವ ಉಪ್ಪುಗಳೆಲ್ಲ ಈ ಪಂಗಡಕ್ಕೆ ಸೇರುತ್ತವೆಂಬುದು ರೂಢಿಯ ಲೆಕ್ಕ.

ಇವುಗಳ ವಂಶಾವಳಿ ಹಳೆಯದು. ೧೯೧೪ರಲ್ಲಿ ಪಾಲ್ ವಾಲ್ಡೆನ್ ಎಂಬ ರಸಾಯನಶಾಸ್ತ್ರಜ್ಞನು ಈಥೈಲ್ ಅಮೋನಿಯಂ ನೈಟ್ರೇಟ್ ಎಂಬ ಉಪ್ಪು ಕೇವಲ ೧೨ ಡಿಗ್ರಿಯಲ್ಲಿ ಕರಗುತ್ತದೆಂದು ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದನು. ಅದೇ ವರ್ಷ ಮಹಾಯುದ್ಧ ಹೊತ್ತಿಕೊಂಡಿತು. ಹರಿಯುವ ಉಪ್ಪಿನ ಕಡೆ ಯಾರು ನೋಡಿಯಾರು? ೧೯೫೧ರಲ್ಲಿ ಹರ್ಲಿ ಮತ್ತು ವಿಯರ್ ಎಂಬಿಬ್ಬರು ಅಮೆರಿಕದಲ್ಲಿ ಅಲ್ಯೂಮಿನಿಯಂ ಲೇಪನಕ್ಕೆಂದು ಇಂತಹುದೇ ಒಂದು ದ್ರವವನ್ನು ಬಳಸಿದರು. ಬಳಿಕ ಅಮೆರಿಕದ ವಾಯುಸೇನೆಯ ಅಕಾಡೆಮಿಯವರು ಬ್ಯಾಟರಿಗಳಿಗೆ ಯೋಗ್ಯವಾದ ಕರಗಿದ ಉಪ್ಪನ್ನು ಅರಸುತ್ತ ಹೊರಟು, ೧೯೮೨ರಲ್ಲಿ ಇಮಿಡಜೋಲಿಯಂ ಎಂಬ ಕುಟುಂಬದ ದ್ರವಗಳನ್ನು ಮುಂದಿಟ್ಟರು. ಇವೆಲ್ಲ ಅಲ್ಯೂಮಿನಿಯಂ ಕ್ಲೋರೈಡನ್ನು ಒಳಗೊಂಡವು. ನೀರು ಸೋಕಿದರೆ ಸಾಕು, ಬುಸುಗುಟ್ಟಿ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಕಾರುವಂಥವು. ಆದ್ದರಿಂದ ಒಣಗಾಳಿಯ ಪೆಟ್ಟಿಗೆಯೊಳಗೇ ಅವುಗಳ ಸಹವಾಸ. ೧೯೯೨ರಲ್ಲಿ ವಿಲ್ಕ್ಸ್ ಮತ್ತು ಜವೊರೊಟ್ಕೊ ಗಾಳಿಗೂ ನೀರಿಗೂ ಜಗ್ಗದ ಉಪ್ಪುಗಳನ್ನು ಮಾಡಿ ತೋರಿಸಿದಾಗಲೇ ಅಯಾನಿಕ ದ್ರವ ಪೆಟ್ಟಿಗೆಯಿಂದ ಹೊರಗೆ ಕಾಲಿಟ್ಟದ್ದು.

ಆಮೇಲೆ ನಡೆದುದನ್ನು ಜಾತ್ರೆಯೆಂದೇ ಕರೆಯಬಹುದು. ಕಾರ್ಖಾನೆಗಳಲ್ಲಿ ಬಳಸುವ ದ್ರಾವಕಗಳು ಆವಿಯಾಗಿ ಗಾಳಿಯನ್ನು ಕೆಡಿಸುತ್ತವೆ, ಕಿಡಿ ತಗುಲಿದರೆ ಸ್ಫೋಟಿಸುತ್ತವೆ. ಈ ಹೊಸ ದ್ರವವಾದರೋ ಮುಚ್ಚಳ ತೆಗೆದಿಟ್ಟರೂ ಅಲ್ಲಿಯೇ ಇರುತ್ತದೆ. ಧನ ಕಣವೂ ಋಣ ಕಣವೂ ಒಂದನ್ನೊಂದು ಬಿಟ್ಟು ಗಾಳಿಗೆ ಹಾರಲು ಒಪ್ಪವು. ಮರದ ತಿರುಳಿನ ಸೆಲ್ಯುಲೋಸನ್ನು ಕೂಡ ವಿಲೀನಗೊಳಿಸಬಲ್ಲ ದ್ರವಗಳು ಈ ಕುಲದಲ್ಲಿವೆಯೆಂದು ೨೦೦೨ರಲ್ಲಿ ತಿಳಿಯಿತು. ಅದೇ ವರ್ಷ ಜರ್ಮನಿಯ ಬಿ.ಎ.ಎಸ್.ಎಫ್. ಸಂಸ್ಥೆ ತನ್ನ ಕಾರ್ಖಾನೆಯಲ್ಲಿ ಇವುಗಳ ತತ್ತ್ವವನ್ನು ಅಳವಡಿಸಿತು. “ಹಸಿರು ದ್ರಾವಕ” ಎಂಬ ಬಿರುದು ಬಂತು. ಪ್ರಯೋಗಶಾಲೆಗಳು ಸೀಸೆ ಸೀಸೆಯಾಗಿ ತರಿಸತೊಡಗಿದವು.

ಬಿರುದು ಕೊಟ್ಟವರು ಒಂದು ಪ್ರಶ್ನೆಯನ್ನು ಮರೆತಿದ್ದರು. ಆವಿಯಾಗದು ಸರಿ, ಒಡೆಯದೆ?

ಆ ಕಾಲದಲ್ಲಿ ಎಲ್ಲರ ಮೆಚ್ಚಿಗೆ ಗಳಿಸಿದ್ದ ದ್ರವದ ಹೆಸರು ಬ್ಯುಟೈಲ್ ಮೀಥೈಲ್ ಇಮಿಡಜೋಲಿಯಂ ಹೆಕ್ಸಾಫ್ಲೂರೋಫಾಸ್ಫೇಟ್. ಹೆದರಬೇಡಿ, ಈ ಹೆಸರನ್ನು ಮತ್ತೆ ಹೇಳುವುದಿಲ್ಲ. ಅದರ ಬಾಲಂಗೋಚಿಯನ್ನು ಮಾತ್ರ ಗಮನದಲ್ಲಿಟ್ಟರೆ ಸಾಕು: ಒಂದು ರಂಜಕದ ಪರಮಾಣುವಿನ ಸುತ್ತ ಆರು ಫ್ಲೂರಿನ್ ಪರಮಾಣುಗಳು. ನೋಡಲು ಬಣ್ಣವಿಲ್ಲದ, ನೀರಿಗಿಂತ ಭಾರವಾದ, ನೀರಿನೊಡನೆ ಬೆರೆಯದೆ ತಳದಲ್ಲಿ ನಿಲ್ಲುವ ಮಂದ ದ್ರವ. ನೀರು ಮೇಲೆ, ಇದು ಕೆಳಗೆ, ಇಬ್ಬರಿಗೂ ಜಗಳವಿಲ್ಲ. ಹಾಗೆಂದೇ ಎಲ್ಲರೂ ತಿಳಿದಿದ್ದರು. ೨೦೦೩ರಲ್ಲಿ ಅಮೆರಿಕದ ಅಲಬಾಮ ವಿಶ್ವವಿದ್ಯಾನಿಲಯದ ರಾಬಿನ್ ರೋಜರ್ಸ್ ಮತ್ತು ಸಂಗಡಿಗರು ಈ ದ್ರವ ಯಾವಾಗಲೂ ಹಸಿರಲ್ಲ ಎಂದು ಪ್ರಕಟಿಸಿದರು. ಈ ದ್ರವವನ್ನು ಜನಪ್ರಿಯಗೊಳಿಸಿದವರಲ್ಲಿ ಅವರೇ ಮುಂದಿನವರಾಗಿದ್ದರೆಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ತಾವು ಹೊಗಳಿದ ವಸ್ತುವಿನ ದೋಷವನ್ನು ತಾವೇ ಎತ್ತಿ ಹೇಳುವವರು ಎಲ್ಲ ಕ್ಷೇತ್ರಗಳಲ್ಲಿಯೂ ವಿರಳ.

ಅವರು ಕಂಡುದು ಇಷ್ಟು. ದ್ರವದೊಳಗೆ ಉಳಿದ ಅಲ್ಪಸ್ವಲ್ಪ ನೀರು ಆ ಆರು ಫ್ಲೂರಿನ್ನುಗಳನ್ನು ಒಂದೊಂದಾಗಿ ಕಿತ್ತುಹಾಕಬಲ್ಲುದು. ತಣ್ಣಗಿರುವಾಗ, ಆಮ್ಲದ ಸೋಂಕಿಲ್ಲದಿರುವಾಗ ಈ ಕೆಲಸ ಬಹಳ ನಿಧಾನ. ಬಿಸಿಯೂ ಆಮ್ಲವೂ ಜೊತೆಗೂಡಿದವೋ, ವೇಗ ಬಂದುಬಿಡುತ್ತದೆ. ಕಿತ್ತುಬಂದ ಫ್ಲೂರಿನ್ ನೀರಿನ ಜಲಜನಕದೊಡನೆ ಸೇರಿ ಹೈಡ್ರೋಜನ್ ಫ್ಲೂರೈಡ್ ಆಗುತ್ತದೆ. ನೀರಿನಲ್ಲಿ ಅದರ ಹೆಸರು ಹೈಡ್ರೋಫ್ಲೂರಿಕ್ ಆಮ್ಲ. ಗಾಜನ್ನು ತಿನ್ನುವ ಆಮ್ಲ ಅದೇ.

ಇಲ್ಲೊಂದು ವಿಪರ್ಯಾಸವಿದೆ. ನೀರಿನ ಅಂಶ ಹೋಗಲೆಂದು ದ್ರವವನ್ನು ಕಾಯಿಸಿ ಒಣಗಿಸುವುದು ಪ್ರಯೋಗಶಾಲೆಯ ವಾಡಿಕೆ. ತಯಾರಿಕೆಯ ವೇಳೆ ಬೆರೆತ ಆಮ್ಲವನ್ನು ಚೆನ್ನಾಗಿ ತೊಳೆಯದೆ ಕಾಯಿಸಲು ಕುಳಿತರೆ ನೀರು, ಆಮ್ಲ, ಶಾಖ ಮೂರೂ ಒಂದೆಡೆ ಸೇರಿದಂತಾಯಿತು. ಶುದ್ಧಿ ಮಾಡಲು ಹೊರಟ ಕೆಲಸದಲ್ಲೇ ವಿಷ ಹುಟ್ಟುತ್ತದೆ. ನಮ್ಮ ಹುಡುಗಿಯ ಬುದ್ದಲಿಯ ಕಥೆಯೂ ಇದೇ. ಹಿಂದಿದ್ದ ವಿದ್ಯಾರ್ಥಿಯೊಬ್ಬನು ಮಾಡಿಟ್ಟಿದ್ದ ದ್ರವ. ಸೀಸೆಯ ಮೇಲಿನ ಚೀಟಿಯಲ್ಲಿ ಹೆಸರಿತ್ತು, ದಿನಾಂಕವಿರಲಿಲ್ಲ, ತೊಳೆದ ಸಂಗತಿಯೂ ಇರಲಿಲ್ಲ. ಇವಳು ನಂಬಿ ಕಾಯಿಸಿದಳು.

ಹೈಡ್ರೋಫ್ಲೂರಿಕ್ ಆಮ್ಲದ ಪೂರ್ವಕಥೆ ರಕ್ತದಲ್ಲಿ ಬರೆದಂತಿದೆ. ೧೭೭೧ರಲ್ಲಿ ಸ್ವೀಡನ್ನಿನ ಶೀಲೆಯು ಫ್ಲೂರ್‌ಸ್ಪಾರ್ ಎಂಬ ಖನಿಜಕ್ಕೆ ಗಂಧಕಾಮ್ಲ ಬೆರೆಸಿ ಕಾಯಿಸಿದಾಗ ಅವನ ಗಾಜಿನ ಪಾತ್ರೆಯೇ ಸವೆದುಹೋಯಿತು. ಆ ಆಮ್ಲದೊಳಗೆ ಅಡಗಿದ್ದ ಹೊಸ ಮೂಲವಸ್ತುವನ್ನು ಹೊರಕ್ಕೆಳೆಯಲು ಮುಂದಿನ ನೂರು ವರ್ಷ ಯೂರೋಪಿನ ರಸಾಯನಶಾಸ್ತ್ರಜ್ಞರು ಹೆಣಗಿದರು. ಡೇವಿಯಂಥ ಡೇವಿಯೇ ಅದರ ಹೊಗೆಯಿಂದ ಕಾಯಿಲೆ ಬಿದ್ದನು. ಐರ್ಲೆಂಡಿನ ನಾಕ್ಸ್ ಸಹೋದರರು ವಿಷ ತಗುಲಿ ನರಳಿದರು. ಬೆಲ್ಜಿಯಮ್ಮಿನ ಲುಯೆ, ಫ್ರಾನ್ಸಿನ ನಿಕ್ಲೆ ಇಬ್ಬರೂ ಪ್ರಾಣವನ್ನೇ ತೆತ್ತರು. ಕೊನೆಗೆ ೧೮೮೬ರ ಜೂನ್ ೨೬ರಂದು ಪ್ಯಾರಿಸ್ಸಿನ ಆನ್ರಿ ಮ್ವಾಸಾನ್ ಜಯಗಳಿಸಿದನು. ಒಣ ಆಮ್ಲದಲ್ಲಿ ವಿದ್ಯುತ್ತು ಹರಿಯದೆ ಇರಲು, ಅವನು ಅದರಲ್ಲಿ ಪೊಟ್ಯಾಸಿಯಂ ಲವಣವನ್ನು ಬೆರೆಸಿ, ಪ್ಲಾಟಿನಂ ಪಾತ್ರೆಯಲ್ಲಿ ಚೆನ್ನಾಗಿ ತಂಪುಮಾಡಿ ವಿದ್ಯುತ್ತು ಹಾಯಿಸಿದನು. ಪಾತ್ರೆಗೆ ಬಿರಡೆ ಯಾವುದರದು? ಶೀಲೆಯ ಕಾಲದ ಅದೇ ಫ್ಲೂರ್‌ಸ್ಪಾರಿನದು! ಹೊಟ್ಟೆ ತುಂಬ ಫ್ಲೂರಿನ್ ಉಂಡ ಖನಿಜವನ್ನು ಫ್ಲೂರಿನ್ ಮುಟ್ಟದಷ್ಟೆ. ಮ್ವಾಸಾನನಿಗೆ ೧೯೦೬ರ ನೊಬೆಲ್ ಬಹುಮಾನ ಸಂದಿತು.

ಆ ಖನಿಜ ಕ್ಯಾಲ್ಸಿಯಂ ಮತ್ತು ಫ್ಲೂರಿನ್ ಕೂಡಿ ಆದದ್ದೆಂಬುದನ್ನು ನೆನಪಿಡಬೇಕು. ನೆಲದೊಳಗೆ ಕ್ಯಾಲ್ಸಿಯಮ್ಮಿನ ಮನೆಯಲ್ಲಿ ನೆಮ್ಮದಿಯಾಗಿದ್ದ ಫ್ಲೂರಿನ್ನನ್ನು ನಾವು ಗಂಧಕಾಮ್ಲದ ಬಲದಿಂದ ಬಿಡಿಸಿ ತಂದಿದ್ದೇವೆ. ಅದು ತನ್ನ ತವರನ್ನು ಮರೆತಿಲ್ಲ. ಎಲ್ಲಿ ಕ್ಯಾಲ್ಸಿಯಂ ಕಂಡರೂ ಓಡಿಹೋಗಿ ಅಪ್ಪಿಕೊಳ್ಳುತ್ತದೆ. ಮನುಷ್ಯನ ಮೈಯಲ್ಲಿ ಕ್ಯಾಲ್ಸಿಯಂ ಇರುವುದು ಎಲುಬಿನಲ್ಲಿ ಮಾತ್ರವಲ್ಲ. ರಕ್ತದಲ್ಲಿದೆ, ಹೃದಯದ ಬಡಿತ ತಪ್ಪದಂತೆ ಕಾಯುವುದು ಆ ರಕ್ತದಲ್ಲಿನ ಅಲ್ಪ ಪ್ರಮಾಣದ ಕ್ಯಾಲ್ಸಿಯಮ್ಮೇ.

ಗಂಧಕಾಮ್ಲವೋ ಹೈಡ್ರೋಕ್ಲೋರಿಕ್ ಆಮ್ಲವೋ ಚರ್ಮದ ಮೇಲೆ ಬಿದ್ದರೆ ಒಡನೆ ಸುಡುತ್ತದೆ, ನಾವು ಚೀರುತ್ತೇವೆ, ನಲ್ಲಿಯ ಕಡೆಗೆ ಓಡುತ್ತೇವೆ. ಅವು ಪ್ರಬಲ ಆಮ್ಲಗಳು, ಮುಂಬಾಗಿಲಿನಿಂದ ನುಗ್ಗುವ ದರೋಡೆಕೋರರು. ಹೈಡ್ರೋಫ್ಲೂರಿಕ್ ಆಮ್ಲ ರಸಾಯನಶಾಸ್ತ್ರದ ಲೆಕ್ಕದಲ್ಲಿ ದುರ್ಬಲ ಆಮ್ಲ. ಅದರ ಅಣುಗಳು ನೀರಿನಲ್ಲಿ ಬಹುಮಟ್ಟಿಗೆ ಒಡೆಯದೆ ಇಡಿಯಾಗಿ ಉಳಿಯುತ್ತವೆ. ವಿದ್ಯುತ್ತಿನ ಹೊರೆಯಿಲ್ಲದ ಆ ಪುಟ್ಟ ಅಣು ಚರ್ಮದ ಮೂಲಕ ಸದ್ದಿಲ್ಲದೆ ಒಳಗೆ ಇಳಿದುಬಿಡುತ್ತದೆ. ಆಮ್ಲವು ನೂರಕ್ಕೆ ೫೦ ಪಾಲಿಗಿಂತ ಹೆಚ್ಚಿದ್ದರೆ ನೋವು ಕೂಡಲೇ ತಿಳಿಯುತ್ತದೆ. ೨೦ರಿಂದ ೫೦ರವರೆಗೆ ಇದ್ದರೆ ಒಂದರಿಂದ ಎಂಟು ಗಂಟೆ ತಡ. ೨೦ಕ್ಕಿಂತ ಕಡಿಮೆಯಿದ್ದರೆ ಇಡೀ ಒಂದು ದಿನ ಕಳೆದ ಮೇಲೂ ನೋವು ತಲೆದೋರಬಹುದು. ಅಂದರೆ ಸೋಮವಾರ ಮಧ್ಯಾಹ್ನ ಬೆರಳಿಗೆ ಸೋಕಿದ್ದು ಮಂಗಳವಾರ ಬೆಳಿಗ್ಗೆ ಕಾಫಿಯ ಹೊತ್ತಿಗೆ ಉಗುರಿನ ಬುಡದಲ್ಲಿ ಮಿಡಿಯತೊಡಗುತ್ತದೆ. ಆ ವೇಳೆಗೆ ಅದು ಆಳಕ್ಕಿಳಿದು ಸಿಕ್ಕ ಕ್ಯಾಲ್ಸಿಯಮ್ಮನ್ನೂ ಮೆಗ್ನೀಸಿಯಮ್ಮನ್ನೂ ಹಿಡಿದು ಕಟ್ಟಿಹಾಕಿರುತ್ತದೆ.

೧೯೯೪ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ನಡೆದ ದುರಂತವನ್ನು ಪ್ರಯೋಗಶಾಲೆಗಳಲ್ಲಿ ಇಂದಿಗೂ ಹೊಸಬರಿಗೆ ಹೇಳುತ್ತಾರೆ. ಬಂಡೆಗಳೊಳಗೆ ಸಿಕ್ಕಿಕೊಂಡ ಪುರಾತನ ಪರಾಗಕಣಗಳನ್ನು ಬಿಡಿಸಿ ನೋಡುವ ಪ್ರಯೋಗಶಾಲೆ ಅದು. ಕಲ್ಲನ್ನು ಕರಗಿಸಿ ಪರಾಗವನ್ನು ಮಾತ್ರ ಉಳಿಸುವ ಆಮ್ಲ ಹೈಡ್ರೋಫ್ಲೂರಿಕ್ ಆಮ್ಲವೇ. ೩೭ ವರ್ಷದ ಸಹಾಯಕನೊಬ್ಬನು ಕುಳಿತು ಒಬ್ಬನೇ ಕೆಲಸ ಮಾಡುತ್ತಿದ್ದನು. ನೂರಕ್ಕೆ ೭೦ ಪಾಲಿನ ಆಮ್ಲ ತೊಡೆಯ ಮೇಲೆ ಚೆಲ್ಲಿತು. ಎಷ್ಟು? ೧೦೦ರಿಂದ ೨೩೦ ಮಿಲಿಲೀಟರು; ಒಂದು ಲೋಟವೆನ್ನಿ. ಕೈಗೆ ರಬ್ಬರಿನ ಕೈಗವಸುಗಳಿದ್ದವು, ತೊಡೆಗೆ ಏನೂ ಇರಲಿಲ್ಲ. ತೊಳೆದುಕೊಳ್ಳಲು ತುರ್ತುಸ್ನಾನದ ಏರ್ಪಾಡಿಲ್ಲದೆ ಸಣ್ಣ ಕೊಳವೆಯ ನೀರನ್ನು ಹಿಡಿದುಕೊಂಡನು. ಬಳಿಕ ಹೊರಗೆ ಓಡಿ ಈಜುಕೊಳಕ್ಕೆ ಧುಮುಕಿದನು. ಔಷಧಿಯ ಲೇಪ ಅಲ್ಲಿರಲಿಲ್ಲ. ಸುಟ್ಟದ್ದು ಮೈಯ ನೂರರಲ್ಲಿ ೯ ಪಾಲು ಮಾತ್ರ. ಏಳನೆಯ ದಿನ ಕಾಲನ್ನು ಕತ್ತರಿಸಿದರು. ಹದಿನೈದನೆಯ ದಿನ ಅವನು ತೀರಿಕೊಂಡನು.

ಅಯಾನಿಕ ದ್ರವದ ಸೀಸೆಯಲ್ಲಿ ಹುಟ್ಟುವ ಆಮ್ಲ ಇಷ್ಟು ಪ್ರಮಾಣದ್ದಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ವೃಥಾ ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಪರ್ತಿನ ಮನುಷ್ಯನಿಗೆ ತಾನು ಹಿಡಿದ ಪಾತ್ರೆಯಲ್ಲಿ ಏನಿದೆಯೆಂದು ಗೊತ್ತಿತ್ತು. ಸಾಧುವೆಂದು ಹೆಸರಾದ ದ್ರವವನ್ನು ಹಿಡಿದವನಿಗೆ ಗೊತ್ತಿರುವುದಿಲ್ಲ. ಬೆರಳಿಗೆ ಸೋಕಿದ್ದನ್ನು ಅಂಗಿಗೆ ಒರಸಿಕೊಂಡು ಕೆಲಸ ಮುಂದುವರಿಸುತ್ತಾನೆ.

ಹಾಗಾದರೆ ಇಂಥ ದ್ರವದೊಡನೆ ಬಾಳುವುದು ಹೇಗೆ? ಹುಡುಗಿಯನ್ನು ಕೇಳಿದೆ. ಆ ಬುದ್ದಲಿಯ ಬಳಿಕ ಅವರ ಪ್ರಯೋಗಶಾಲೆಯಲ್ಲಿ ಬಹಳ ಬದಲಾಗಿದೆಯಂತೆ. ಮೊದಲನೆಯದಾಗಿ, ಸೀಸೆಯ ಮೇಲಿನ ಉದ್ದ ಹೆಸರಿನಲ್ಲಿ ಕಣ್ಣು ಹೋಗಬೇಕಾದದ್ದು ಕೊನೆಯ ಅರ್ಧಕ್ಕೆ. ಅಲ್ಲಿ ಹೆಕ್ಸಾಫ್ಲೂರೋಫಾಸ್ಫೇಟ್ ಅಥವಾ ಟೆಟ್ರಾಫ್ಲೂರೋಬೊರೇಟ್ ಎಂದಿದ್ದರೆ ಅದು ಫ್ಲೂರೈಡನ್ನು ಬಿಟ್ಟುಕೊಡುವ ಜಾತಿ. ಕೆಲಸಕ್ಕೆ ಬೇರೆ ಉಪ್ಪು ಒಗ್ಗುವುದಾದರೆ ಅದನ್ನೇ ಆರಿಸಿಕೊಳ್ಳುತ್ತಾರೆ. ನೀರಿಗೆ ಜಗ್ಗದ ಋಣ ಅಯಾನುಗಳು ಈಗ ಬೇಕಾದಷ್ಟಿವೆ. ಇದನ್ನೇ ತಯಾರಿಸಬೇಕಾದರೆ ಆಮ್ಲದಿಂದ ಮಾಡುವ ಬದಲು ಪೊಟ್ಯಾಸಿಯಂ ಲವಣದಿಂದ ಮಾಡುತ್ತಾರೆ. ಆಮ್ಲದಿಂದಲೇ ಮಾಡಿದರೆ, ತೊಳೆದ ನೀರಿನಲ್ಲಿ ಆಮ್ಲದ ಸುಳಿವು ಪೂರ್ತಿ ಅಡಗುವವರೆಗೂ ಮತ್ತೆ ಮತ್ತೆ ತೊಳೆಯಬೇಕು. ಅಲ್ಲಿಯವರೆಗೆ ಕಾಯಿಸುವ ಮಾತಿಲ್ಲ. ಕೆಲಸವೆಲ್ಲ ಫ್ಯೂಮ್ ಹುಡ್ ಎಂಬ, ಗಾಳಿಯನ್ನು ಹೊರಕ್ಕೆ ಎಳೆಯುವ ಗೂಡಿನೊಳಗೆ. ದಾಸ್ತಾನು ಪ್ಲಾಸ್ಟಿಕ್ಕಿನ ಸೀಸೆಯಲ್ಲಿ, ತಣ್ಣಗಿನ ಒಣ ಜಾಗದಲ್ಲಿ, ಚೀಟಿಯ ಮೇಲೆ ದಿನಾಂಕ ಬರೆದು. ಹಳೆಯ ದಾಸ್ತಾನನ್ನು ತೆರೆಯುವ ಮುನ್ನ ಪರೀಕ್ಷಿಸಬೇಕು. ಗಾಜಿನ ಸೀಸೆ ಮಸುಕಾಗಿ ಕಂಡರೆ ಅದನ್ನು ಬರಿಗೈಯಲ್ಲಿ ಮುಟ್ಟುವ ಪ್ರಶ್ನೆಯೇ ಇಲ್ಲ. ಅದು ಎಚ್ಚರಿಕೆಯ ಫಲಕ.

ಕೈಗವಸಿನ ವಿಷಯವನ್ನು ಕೊಂಚ ವಿಸ್ತರಿಸಬೇಕು. ಕೈಗವಸು ತೊಟ್ಟೆನಲ್ಲ ಎಂಬ ಧೈರ್ಯದಷ್ಟು ಅಪಾಯಕರವಾದದ್ದು ಮತ್ತೊಂದಿಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕ್ಯಾರೆನ್ ವೆಟ್ಟರ್‌ಹಾನ್ ೧೯೯೬ರ ಆಗಸ್ಟಿನಲ್ಲಿ ಡೈಮೀಥೈಲ್ ಪಾದರಸದ ಕೆಲವು ಹನಿಗಳನ್ನು ಕೈಗವಸಿನ ಮೇಲೆ ಬೀಳಿಸಿಕೊಂಡರು. ಅವರು ಎಲ್ಲ ನಿಯಮಗಳನ್ನೂ ಪಾಲಿಸಿದ್ದರು. ಆ ದ್ರವ ರಬ್ಬರನ್ನು ಕ್ಷಣಗಳಲ್ಲಿ ದಾಟಬಲ್ಲದೆಂದು ಅಂದು ಯಾರಿಗೂ ತಿಳಿದಿರಲಿಲ್ಲ. ೧೯೯೭ರ ಜೂನ್ ೮ರಂದು ಅವರು ತೀರಿಕೊಂಡರು. ವಿಷ ಬೇರೆ, ಪಾಠ ಒಂದೇ. ಬಳಸಿ ಬಿಸಾಡುವ ತೆಳು ಕೈಗವಸು ಸಿಡಿದ ಹನಿಯನ್ನು ತಡೆಯುವುದಕ್ಕೆ ಮಾತ್ರ. ಹನಿ ಬಿದ್ದೊಡನೆ ಅದನ್ನು ತೆಗೆದೆಸೆಯಬೇಕು. ಫ್ಲೂರೈಡಿನ ಅನುಮಾನವಿರುವ ಕೆಲಸಕ್ಕೆ ತೆಳುವಾದುದರ ಮೇಲೆ ದಪ್ಪನೆಯ, ಮುಂಗೈ ಮುಚ್ಚುವ ನಿಯೋಪ್ರೀನ್ ಕೈಗವಸು, ಮುಖಕ್ಕೆ ತಡೆ, ಮುಂದೆ ಒದ್ದೆಯಾಗದ ಏಪ್ರನ್. ಪರ್ತಿನವನ ತೊಡೆಯನ್ನು ಮರೆಯಬಾರದು.

ಆವಿಯಾಗದಿರುವ ಗುಣವೇ ಇಲ್ಲಿ ತೊಡಕು. ಮೇಜಿನ ಮೇಲೆ ಚೆಲ್ಲಿದ ಈಥರ್ ನಿಮಿಷದಲ್ಲಿ ಮಾಯ. ಈ ದ್ರವ ಮಾತ್ರ ಇಂದು ಬಿದ್ದದ್ದು ನಾಳೆಯೂ ಅಲ್ಲಿಯೇ. ಕೈಗವಸಿಗೆ ಅಂಟಿದ್ದು ಲೇಖನಿಗೆ, ಲೇಖನಿಯಿಂದ ಬಾಗಿಲ ಹಿಡಿಗೆ, ಹಿಡಿಯಿಂದ ಏನೂ ಅರಿಯದ ಜವಾನನ ಕೈಗೆ. ಆದ್ದರಿಂದ ಚೆಲ್ಲಿದ್ದನ್ನು ಆಗಲೇ ಹೀರುವ ವಸ್ತುವಿನಿಂದ ಒರಸಿ ತೆಗೆದು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬುತ್ತಾರೆ. ಆಮ್ಲ ಹುಟ್ಟಿರುವ ಅನುಮಾನವಿದ್ದರೆ ಮೇಜಿನ ಮೇಲೆ ಸೀಮೆಸುಣ್ಣದ ವಸ್ತುವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಹರಡುತ್ತಾರೆ. ಫ್ಲೂರೈಡು ತವರಿಗೆ ಮರಳುತ್ತದೆ. (ಹಾಗೆಂದು ಎಲೆಯಡಿಕೆಯ ಡಬ್ಬಿಯ ಸುಣ್ಣವನ್ನು ಯಾರೂ ಚರ್ಮಕ್ಕೆ ಬಳಿಯಲು ಹೋಗಬಾರದು, ಸುಣ್ಣವೇ ಸುಡುವ ವಸ್ತು.)

ಚರ್ಮಕ್ಕೆ ಬೇಕಾದದ್ದು ಕ್ಯಾಲ್ಸಿಯಂ ಗ್ಲೂಕೊನೇಟಿನ ಲೇಪ, ನೂರಕ್ಕೆ ಎರಡೂವರೆ ಪಾಲಿನದು. ಟ್ಯೂಬಿನಲ್ಲಿ ಬರುತ್ತದೆ. ಸೋಕಿತೆಂಬ ಸಂಶಯ ಬಂದೊಡನೆ, ನೋವು ಬರಲಿ ಎಂದು ಕಾಯದೆ, ಬಟ್ಟೆ ಕಳಚಿ ಐದು ನಿಮಿಷ ಧಾರಾಳ ನೀರಿನಲ್ಲಿ ತೊಳೆಯಬೇಕು. ಬಳಿಕ ಲೇಪವನ್ನು ಹಚ್ಚಿ ತಿಕ್ಕುತ್ತ ಆಸ್ಪತ್ರೆಗೆ ಹೊರಡಬೇಕು. ಲೇಪ ಇಲ್ಲದಿದ್ದರೆ ತೊಳೆಯುವುದನ್ನು ನಿಲ್ಲಿಸದೆ ವೈದ್ಯ ನೆರವು ತರಿಸಬೇಕು. ಹಚ್ಚುವವನ ಕೈಗೂ ಕೈಗವಸು ಬೇಕು. ಕಣ್ಣಿಗೆ ಸಿಡಿದರೆ ಲೇಪ ಸಲ್ಲದು, ನೀರೇ ಗತಿ. ನೋವು ಇಳಿಯುತ್ತಿದೆಯೆ ಎಂಬುದರಿಂದಲೇ ವೈದ್ಯರು ಚಿಕಿತ್ಸೆ ತಲಪಿತೆ ಎಂದು ಅಳೆಯುತ್ತಾರೆ. ಆದಕಾರಣ ಜಾಗವನ್ನು ಮರಗಟ್ಟಿಸುವ ಮದ್ದು ಕೊಡಲು ಅವಸರಪಡುವುದಿಲ್ಲ. ವಸ್ತುವಿನ ವಿವರಪತ್ರವನ್ನು ರೋಗಿಯ ಜೊತೆಗೆ ಕಳುಹಿಸಬೇಕು, ಏಕೆಂದರೆ ಇಂತಹ ಗಾಯವನ್ನು ಹೊರನೋಟಕ್ಕೆ ಗುರುತಿಸುವುದು ಅನುಭವಿ ವೈದ್ಯರಿಗೂ ಕಷ್ಟ.

ಹಸಿರು ಬಿರುದಿನ ಉಳಿದ ಭಾಗವೂ ಅನಂತರದ ವರ್ಷಗಳಲ್ಲಿ ಕಳಚುತ್ತ ಬಂತು. ಆವಿಯೇ ಆಗದೆಂಬ ದ್ರವಗಳಲ್ಲಿ ಕೆಲವನ್ನು ನಿರ್ವಾತದಲ್ಲಿ ಕಾಯಿಸಿ ಬಟ್ಟಿಯಿಳಿಸಬಹುದೆಂದು ೨೦೦೬ರಲ್ಲಿ ತೋರಿಸಿದರು. ಕೆಲವು ಚೆನ್ನಾಗಿಯೇ ಹತ್ತಿ ಉರಿಯುತ್ತವೆಂದೂ ಅದೇ ವರ್ಷ ತಿಳಿಯಿತು. ಧನ ಅಯಾನಿನ ಬಾಲ ಉದ್ದವಾದಷ್ಟೂ ನೀರಿನ ಜೀವಿಗಳಿಗೆ ವಿಷ ಹೆಚ್ಚು. ೨೦೧೮ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನ ಸಂಶೋಧಕರು ಕಸ ತುಂಬಿಸುವ ಜಾಗದ ಬಳಿಯ ಮಣ್ಣಿನಲ್ಲಿಯೇ ಇಂಥ ಒಂದು ಅಯಾನನ್ನು ಕಂಡು, ಪಿತ್ತಜನಕಾಂಗದ ಒಂದು ಕಾಯಿಲೆಗೆ ಅದು ಪ್ರಚೋದಕವಿರಬಹುದೆಂಬ ಸಂಶಯ ವ್ಯಕ್ತಪಡಿಸಿದರು. ಗಾಳಿಗೆ ಹೋಗದ ವಸ್ತು ಎಲ್ಲಿಗಾದರೂ ಹೋಗಲೇಬೇಕಲ್ಲ! ಬಚ್ಚಲ ತೂಬಿಗೆ ಸುರಿಯಬಾರದೆಂಬ ನಿಯಮ ಅದಕ್ಕಾಗಿಯೇ.

ಇಷ್ಟನ್ನೂ ಕೇಳಿದ ಮೇಲೆ ನಾನು ನಿಡುಸುಯ್ದು, “ನಮ್ಮಂಥವರ ಮನೆಯಲ್ಲಿ ಇದೊಂದೂ ಇಲ್ಲವಲ್ಲ, ಅದೇ ಪುಣ್ಯ” ಎಂದೆ. ಹುಡುಗಿ ಫೋನನ್ನು ತಿರುವಿ ಹಿಡಿದು ಅದರ ಬೆನ್ನು ತಟ್ಟಿದಳು. “ಇದರ ಬ್ಯಾಟರಿಯಲ್ಲಿ ಏನಿದೆ ಎಂದುಕೊಂಡಿರಿ?” ಲಿಥಿಯಂ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಬಳಸುವ ಲವಣ ಲಿಥಿಯಂ ಹೆಕ್ಸಾಫ್ಲೂರೋಫಾಸ್ಫೇಟ್. ಬಾಲಂಗೋಚಿ ಅದೇ: ಒಂದು ರಂಜಕ, ಆರು ಫ್ಲೂರಿನ್. ಭದ್ರವಾಗಿ ಮುಚ್ಚಿರುವವರೆಗೆ ಅದರಿಂದ ಏನೂ ಇಲ್ಲ. ಬ್ಯಾಟರಿ ಹೊತ್ತಿಕೊಂಡರೆ ಹೊಗೆಯಲ್ಲಿ ಹೈಡ್ರೋಜನ್ ಫ್ಲೂರೈಡ್ ಹೊರಬರುತ್ತದೆ. ೨೦೧೭ರಲ್ಲಿ ಸ್ವೀಡನ್ನಿನವರು ಅಳೆದಾಗ ಬ್ಯಾಟರಿಯ ಪ್ರತಿ ವಾಟ್-ಗಂಟೆಯ ಶಕ್ತಿಗೆ ೨೦ರಿಂದ ೨೦೦ ಮಿಲಿಗ್ರಾಂವರೆಗೆ ಸಿಕ್ಕಿತು. ಹೊಟ್ಟೆಯುಬ್ಬಿದ ಬ್ಯಾಟರಿಯನ್ನು ಚುಚ್ಚಿ ನೋಡುವ, ಸೋರಿದ್ದನ್ನು ಬೆರಳಿನಿಂದ ಒರಸುವ, ಹೊತ್ತಿಕೊಂಡ ಸ್ಕೂಟರಿನ ಹೊಗೆಯಲ್ಲಿ ನಿಂತು ಚಿತ್ರ ತೆಗೆಯುವ ಸಾಹಸಗಳು ಏಕೆ ಕೂಡದೆಂಬುದು ನನಗೆ ಅಂದು ತಿಳಿಯಿತು.

ಬೇಸಿಗೆಯಿಂದ ನನ್ನ ಹಳೆಯ ಫೋನಿನ ಬೆನ್ನು ಸ್ವಲ್ಪ ಉಬ್ಬಿಕೊಂಡಿತ್ತು. ಮರುದಿನ ಅದನ್ನು ಆರಿಸಿ, ಮಣ್ಣಿನ ಕುಂಡವೊಂದರಲ್ಲಿಟ್ಟು, ಹಾಗೆಯೇ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಹುಡುಗ ಕುಂಡವನ್ನೂ ನನ್ನನ್ನೂ ನೋಡಿ ನಕ್ಕನು. ಹುಡುಗಿ ರಜೆ ಮುಗಿಸಿ ಹೊರಡುವಾಗ ಅತ್ತಿಗೆಯವರು ಎಂದಿನಂತೆ, “ಬೆಂಕಿಯ ಹತ್ತಿರ ಜೋಕೆ ಕಣೇ” ಎಂದರು. ಅವಳು “ಆಗಲಮ್ಮ” ಎಂದು, ನನ್ನ ಕಡೆ ತಿರುಗಿ, ಗೂಡಿನ ಪಕ್ಕದಲ್ಲಿ ನೇತುಹಾಕಿದ ಆ ಲೇಪದ ಟ್ಯೂಬಿನ ಅವಧಿ ಬರುವ ತಿಂಗಳು ಮುಗಿಯುತ್ತದೆಯೆಂದೂ ಹೋದೊಡನೆ ಹೊಸದನ್ನು ತರಿಸಬೇಕೆಂದೂ ಮೆಲ್ಲನೆ ಹೇಳಿ ಬಸ್ಸು ಹತ್ತಿದಳು.